ಗಾಜಿನೊಳಗಿನ ಕಿರೀಟ ಕಾಣದಿದ್ದರೆ ವಾಚು ನಕಲಿಯೇ?

ಪ್ರಶ್ನೆ: ನಾನು ದುಬೈನಲ್ಲಿ ಕೆಲಸದಲ್ಲಿದ್ದೇನೆ. ಪರಿಚಯದವರೊಬ್ಬರ ರೋಲೆಕ್ಸ್ ಡೇಟ್‌ಜಸ್ಟ್ ಕೊಳ್ಳುವ ಮಾತುಕತೆ ನಡೆದಿದೆ. ರೆಫರೆನ್ಸ್, ಅಂದರೆ ಮಾದರಿಯ ಸಂಖ್ಯೆ, 16234, ಸೀರಿಯಲ್ ‘ಎಫ್’ ಅಕ್ಷರದಿಂದ ಶುರುವಾಗುತ್ತದೆ. ಅಸಲಿಯಾದರೆ ಗಾಜಿನಲ್ಲಿ 6ರ ಹತ್ತಿರ ಕಂಪನಿಯ ಚಿಹ್ನೆಯಾದ ಪುಟ್ಟ ಕಿರೀಟ ಇರಬೇಕಂತೆ. ಎಷ್ಟು ಹುಡುಕಿದರೂ ಕಾಣಲಿಲ್ಲ. ನಮ್ಮಣ್ಣನ ಒಮೆಗಾ ಸ್ಪೀಡ್‌ಮಾಸ್ಟರ್ ಗಾಜಿನ ನಡುವೆಯೂ ಒಂದು ಗುರುತು ಇರುತ್ತದಂತೆ, ಅದೂ ಸಿಕ್ಕಿಲ್ಲ. ಇನ್ನೊಂದು: ನನ್ನಲ್ಲಿರುವ ಬೇರೊಂದು ಸ್ವಿಸ್ ಡೈವಿಂಗ್ ವಾಚಿನ ಗಾಜು ನೀಲಿಯಾಗಿ ಮಿಂಚುತ್ತದೆ, ಅದರ ಮೇಲೆ ಕೂದಲೆಳೆಯಂಥ ಗೀರುಗಳು ಬಿದ್ದಿವೆ. ದುಬಾರಿ ವಾಚುಗಳ ಸಫೈರ್ ಗಾಜಿಗೆ ಗೀರು ಬೀಳುವುದಿಲ್ಲ ಅಂತಾರಲ್ಲ, ಹಾಗಾದರೆ ಇದು ಸಫೈರ್ ಅಲ್ಲವೇ?

ಉತ್ತರ: ಕಾರಿನ ಮುಂದಿನ ಗಾಜಿನ ಮೂಲೆಯಲ್ಲಿ ಗಾಜು ಮಾಡಿದ ಕಂಪನಿಯ ಮುದ್ರೆ ಇರುತ್ತದೆ. ಕಲ್ಲು ಬಡಿದು ಗಾಜು ಒಡೆದು ಹೊಸದು ಹಾಕಿಸಿದರೆ ಮುದ್ರೆಯೂ ಬದಲಾಗುತ್ತದೆ. ಅಷ್ಟಕ್ಕೇ ಕಾರು ನಕಲಿ ಎಂದು ಯಾರೂ ಹೇಳುವುದಿಲ್ಲ. ವಾಚಿನ ಗಾಜಿನ ಗುರುತನ್ನೂ ಅದೇ ಲೆಕ್ಕದಲ್ಲಿ ನೋಡಬೇಕು. ಗಾಜು ಬದಲಾಗುವ ಭಾಗ. ಅದರ ಮೇಲಿನ ಕಿರೀಟ ಗಾಜಿನ ಹುಟ್ಟನ್ನು ಹೇಳೀತು, ಕೆಳಗಿರುವ ಡಯಲ್, ಮೆಷಿನ್, ಕೇಸ್ ಯಾವುವು ಎಂಬುದನ್ನು ಹೇಳಲಾರದು. ಮಾರುವವರೂ ಕೊಳ್ಳುವವರೂ ಇದನ್ನೇ ಮರೆಯುತ್ತಾರೆ. ಕಿರೀಟ ಕಂಡರೆ ಕಣ್ಣುಮುಚ್ಚಿ ದುಡ್ಡು ಎಣಿಸುತ್ತಾರೆ, ಕಾಣದಿದ್ದರೆ ಮುಖ ತಿರುಗಿಸಿ ಹೊರಡುತ್ತಾರೆ. ಎರಡೂ ತಪ್ಪು.

ಕಿರೀಟ ಎಲ್ಲಿ, ಹೇಗೆ ನೋಡಬೇಕು

ರೋಲೆಕ್ಸ್ ಈ ಲೇಸರ್ ಕಿರೀಟವನ್ನು 2002ರ ಸುಮಾರಿಗೆ ಹಾಕಲು ಶುರು ಮಾಡಿತು. ಎಲ್ಲ ಮಾದರಿಗಳಿಗೂ ಒಂದೇ ದಿನ ಬಂದದ್ದಲ್ಲ, ಒಂದೊಂದಾಗಿ ಬಂತು. ನೀವು ಹೇಳುವ ‘ಎಫ್’ ಸೀರಿಯಲ್ 2003ರಿಂದ 2005ರ ನಡುವಿನದು. ಹಾಗಾಗಿ ಮೂಲ ಗಾಜೇ ಇದ್ದರೆ ಕಿರೀಟ ಇರುವ ಸಾಧ್ಯತೆ ಹೆಚ್ಚು. ಆದರೆ ‘ಇರಬೇಕು’ ಎನ್ನುವ ಮೊದಲು ಸರಿಯಾಗಿ ನೋಡಿದಿರಾ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕಾಣಲಿಲ್ಲ ಎನ್ನುವವರಲ್ಲಿ ಬಹಳ ಮಂದಿ ಟ್ಯೂಬ್‌ಲೈಟಿನ ಕೆಳಗೆ ಬರಿಗಣ್ಣಲ್ಲಿ ಹುಡುಕಿರುತ್ತಾರೆ. ಹಾಗೆ ಅದು ಕಾಣುವುದಿಲ್ಲ, ಕಾಣಬಾರದೆಂದೇ ಮಾಡಿದ್ದು.

ಗುರುತು ಒಂದು ಮಿಲಿಮೀಟರಿಗೂ ಚಿಕ್ಕದು. ಗೆರೆ ಎಳೆದು ಬಿಡಿಸಿದ್ದಲ್ಲ. ಲೇಸರ್ ಬಡಿತಗಳಿಂದ ಮೂಡಿದ ಸೂಕ್ಷ್ಮ ಚುಕ್ಕೆಗಳ ಸಾಲು ಅದು, ನೆಲದ ಮೇಲೆ ಚುಕ್ಕೆ ಇಟ್ಟು ಗೆರೆ ಸೇರಿಸದೆ ಬಿಟ್ಟ ರಂಗೋಲಿಯಂತೆ. ಐದು ಕಡ್ಡಿ, ತುದಿಗಳಲ್ಲಿ ಉಂಡೆ, ಬುಡದಲ್ಲಿ ಮೊಟ್ಟೆಯಾಕಾರದ ಬಳೆ. ಪ್ರತಿ ಚುಕ್ಕೆಯೂ ಬೆಳಕನ್ನು ಒಂದಿಷ್ಟು ಚದುರಿಸುತ್ತದೆ. ನೇರ ಬೆಳಕು ಬಿದ್ದಾಗ ಆ ಚದುರಿದ ಬೆಳಕು ಗಾಜಿನ ಹೊಳಪಿನಲ್ಲಿ ಮುಳುಗಿಹೋಗುತ್ತದೆ. ಓರೆ ಬೆಳಕು ಬಿದ್ದು ಹಿನ್ನೆಲೆ ಕಪ್ಪಾಗಿದ್ದಾಗ ಮಾತ್ರ ಎದ್ದು ಕಾಣುತ್ತದೆ. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಮಾತ್ರ ದೂಳಿನ ಕಣ ಕಾಣುವುದೂ ಇದೇ ಕಾರಣಕ್ಕೆ.

ಬೇಕಾದದ್ದು 10 ಪಟ್ಟು ದೊಡ್ಡದು ಮಾಡುವ ಲೂಪ್, ಸಣ್ಣ ಬಾಯಿಯ ಎಲ್‌ಇಡಿ ಟಾರ್ಚ್, ಕತ್ತಲೆ ಕೋಣೆ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಸಾಮಾನ್ಯ ಐಗ್ಲಾಸ್ 3ರಿಂದ 5 ಪಟ್ಟಿನದು, ಇದಕ್ಕೆ ಸಾಲದು. ಚಿನ್ನಬೆಳ್ಳಿ ಅಂಗಡಿಯವರು ವಜ್ರ ನೋಡುವ ಲೂಪ್ ಸರಿಹೊಂದುತ್ತದೆ.

ಮೊದಲು ಗಾಜು ಒರೆಸಿ. ಇಪ್ಪತ್ತು ವರ್ಷದ ವಾಚು, ನೀರು ತಡೆಯುವ ಒಳಗಿನ ಗ್ಯಾಸ್ಕೆಟ್ ಬಳೆಯ ಸ್ಥಿತಿ ಗೊತ್ತಿಲ್ಲ, ಹಾಗಾಗಿ ನಲ್ಲಿ ಕೆಳಗೆ ಹಿಡಿಯಬೇಡಿ. ಮೈಕ್ರೋಫೈಬರ್ ಬಟ್ಟೆಯನ್ನು ತುಸು ಒದ್ದೆ ಮಾಡಿ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಬೆರಳಿನ ಜಿಡ್ಡು ಉಳಿದಿದ್ದರೆ ಓರೆ ಬೆಳಕಿಗೆ ಅದೇ ಮಿಂಚಿ ಕಿರೀಟವನ್ನು ಮುಚ್ಚುತ್ತದೆ.

ದೀಪ ಆರಿಸಿ, ಟಾರ್ಚನ್ನು 3ರ ಕಡೆಯಿಂದಲೋ 9ರ ಕಡೆಯಿಂದಲೋ, ಗಾಜಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ, 15–20 ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಲೂಪಿನಿಂದ ಗಾಜಿಗೆ ಸುಮಾರು ಎರಡೂವರೆ ಸೆಂಟಿಮೀಟರ್ ಇರಲಿ. 6ರ ಗುರುತಿನ ಹೊರತುದಿಗೂ ಗಾಜಿನ ಸುತ್ತಲಿನ ಹೊರಬಳೆಯಾದ ಬೆಝೆಲ್‌ಗೂ ನಡುವಿನ ಕಿರಿದಾದ ಜಾಗವೇ ನಿಮ್ಮ ಗುರಿ. ಮೊದಲು ಗಾಜಿನ ಮೇಲ್ಮೈಯ ಒಂದು ದೂಳಿನ ಕಣಕ್ಕೆ ಫೋಕಸ್ ಮಾಡಿ. ಅಲ್ಲಿಂದ ಲೂಪನ್ನು ಕೂದಲಷ್ಟು ಕೂದಲಷ್ಟು ಕೆಳಗಿಳಿಸುತ್ತಾ ಹೋಗಿ. ಜೊತೆಗೆ ವಾಚನ್ನೂ ನಿಧಾನವಾಗಿ ಓಲಾಡಿಸಿ. ಡಯಲ್ ಮತ್ತು ಅದರ ಸುತ್ತಲಿನ ಉಕ್ಕಿನ ಒಳಬಳೆ ಹೊಳೆಯುವುದನ್ನು ನಿಲ್ಲಿಸಿ ಕಪ್ಪಾಗುವ ಒಂದು ಕೋನ ಬರುತ್ತದೆ. ಕಿರೀಟ ಇದ್ದರೆ ಆ ಕ್ಷಣಕ್ಕೆ ಬೂದಿಬಣ್ಣದ ಚುಕ್ಕೆಗಳಾಗಿ ಮೂಡಿ ಮಾಯವಾಗುತ್ತದೆ. ಒಮ್ಮೆ ಕಂಡ ಮೇಲೆ ಪ್ರತಿಸಲವೂ ಅರ್ಧ ನಿಮಿಷದಲ್ಲಿ ಸಿಗುತ್ತದೆ, ಮೊದಲ ಸಲಕ್ಕೆ ಹತ್ತು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ.

ಕಂಡದ್ದು ನಿಜವಾಗಿ ಗಾಜಿನಲ್ಲೇ ಇದೆಯೇ, ಡಯಲ್ ಮೇಲಿನ ಕೊಳೆಯೇ ಎಂಬ ಅನುಮಾನ ಬಂದರೆ ವಾಚನ್ನು ಅತ್ತಿತ್ತ ಓಲಿಸಿ ನೋಡಿ. ಗಾಜಿನಲ್ಲಿರುವ ಗುರುತು ಡಯಲ್‌ನ ನಿಮಿಷದ ಗೆರೆಗಳ ಮೇಲೆ ಜಾರಿದಂತೆ ಕಾಣುತ್ತದೆ. ಡಯಲ್ ಮೇಲಿನ ಕೊಳೆ ಇದ್ದಲ್ಲೇ ಇರುತ್ತದೆ. ಮಾರುವವರು ದೂರದಲ್ಲಿದ್ದರೆ ಫೋಟೊ ಬೇಡ, ಹೀಗೆ ಓಲಾಡಿಸುತ್ತಾ ತೆಗೆದ ವಿಡಿಯೋ ಕೇಳಿ. ಈಗಿನ ಫೋನುಗಳು ಸ್ಥಿರಚಿತ್ರವನ್ನು ತಾವೇ ತಿದ್ದಿ ಚೂಪು ಮಾಡುತ್ತವೆ. ನಾಲ್ಕು ದೂಳಿನ ಕಣ ಸೇರಿ ಕಿರೀಟದಂತೆ ಕಾಣುವುದೂ, ಇದ್ದ ಕಿರೀಟ ಒರೆಸಿಹೋಗುವುದೂ ಎರಡೂ ಆಗುತ್ತದೆ.

ಕಾಣದಿದ್ದರೆ ಏನರ್ಥ, ಕಂಡರೆ ಏನರ್ಥ

ಇಷ್ಟೆಲ್ಲ ಮಾಡಿಯೂ ಕಾಣಲಿಲ್ಲ ಎನ್ನಿ. 6ರಲ್ಲಿ ಮಾತ್ರ ನೋಡಿ ಕೈಬಿಡಬೇಡಿ, ಗಾಜಿನ ಅಂಚನ್ನು ಸುತ್ತ ಒಂದು ಪ್ರದಕ್ಷಿಣೆ ಹಾಕಿ. ದಿನಾಂಕ ಇಲ್ಲದ ಮಾದರಿಗಳ ಗಾಜು ದುಂಡಗೆ ಒಂದೇ ಸಮ. ಕೂರಿಸುವವರು ಕಿರೀಟವನ್ನು 6ಕ್ಕೆ ಸರಿಯಾಗಿ ಹೊಂದಿಸದಿದ್ದರೆ ಅದು 4ರಲ್ಲೋ 8ರಲ್ಲೋ ಬಂದು ಕೂತಿರುತ್ತದೆ. ಗಾಜು ಅಸಲಿ, ಕೆಲಸ ಮಾಡಿದವರು ಅಧಿಕೃತರಲ್ಲ ಎಂದು ತಿಳಿಯಿರಿ. ನಿಮ್ಮ ಡೇಟ್‌ಜಸ್ಟ್‌ನಲ್ಲಿ ದಿನಾಂಕದ ಮೇಲಿನ ಭೂತಗಾಜು, ಸೈಕ್ಲೋಪ್ಸ್ ಎನ್ನುತ್ತಾರಲ್ಲ ಅದು, 3ಕ್ಕೇ ಬರಬೇಕಾದ್ದರಿಂದ ಗಾಜು ತಿರುಗಿ ಕೂರುವ ಪ್ರಶ್ನೆ ಇಲ್ಲ. ಹಾಗಾಗಿ ನಿಮ್ಮದರಲ್ಲಿ 6ರಲ್ಲಿ ಇಲ್ಲವೆಂದರೆ ಇಲ್ಲವೇ.

ಆಗ ಬಹುತೇಕ ಎರಡರಲ್ಲಿ ಒಂದು: ಗಾಜು ಹೊರಗಿನ ತಯಾರಿಕೆಯದಕ್ಕೆ ಬದಲಾಗಿದೆ, ಇಲ್ಲವೇ ವಾಚೇ ನಕಲಿ. ಹೊರಗಿನ ಸಫೈರ್ ಗಾಜು ಹಾಕುವುದು ಗಲ್ಫ್‌ನಲ್ಲೂ ನಮ್ಮಲ್ಲೂ ದಿನನಿತ್ಯದ ವ್ಯವಹಾರ. ಅಂಚು ಚಕ್ಕೆ ಎದ್ದ ಗಾಜನ್ನು ಅಧಿಕೃತ ಸರ್ವಿಸ್‌ಗೆ ಕೊಟ್ಟರೆ ಇಡೀ ವಾಚಿನ ಸರ್ವಿಸ್ ಬಿಲ್ ಬರುತ್ತದೆಂದು ಹೆದರಿ ಮೂಲೆಯಂಗಡಿಯಲ್ಲಿ ಹಾಕಿಸಿಕೊಳ್ಳುವವರು ಬಹಳ. ಬೆಲೆ ಇಳಿಸಲು ಅದು ನ್ಯಾಯವಾದ ಕಾರಣ. ಬಿಟ್ಟುಬಿಡಲು ಕಾರಣವಲ್ಲ. ಇನ್ನು ಅಸಲಿ ವಾಚುಗಳಲ್ಲೂ ಕಿರೀಟ ಇಲ್ಲದವು ಇವೆ. 2002ಕ್ಕೆ ಹಿಂದಿನವು ಸರಿಯೇ ಸರಿ. 2007ರಲ್ಲಿ ಬಂದ ಹಸಿರು ಗಾಜಿನ ಮಿಲ್‌ಗಾಸ್ ಎಂಬ ರೋಲೆಕ್ಸ್ ಮಾದರಿಯಲ್ಲೂ ಹುಡುಕಬೇಡಿ.

ಉಲ್ಟಾ ಪ್ರಕರಣವೂ ಬರುತ್ತದೆ. 1995ರ ವಾಚು, ಗಾಜಿನಲ್ಲಿ ಕಿರೀಟ! ಮಾರುವವರು ಬೆವರುತ್ತಾರೆ. ಬೆವರಬೇಕಿಲ್ಲ, ಕಂಪನಿಯ ಸರ್ವಿಸ್‌ನಲ್ಲಿ ಹೊಸ ಗಾಜು ಕೂತಿದೆ ಅಷ್ಟೆ. ಹಾಗೆ ಬದಲಿಗೆಂದು ಬಂದ ಒಂದು ಕಾಲದ ಗಾಜುಗಳಲ್ಲಿ ಕಿರೀಟದ ಬುಡದ ಬಳೆಯೊಳಗೆ ‘ಎಸ್’ ಅಕ್ಷರದ ಗುರುತು ಸೇರಿರುತ್ತದೆ. ಅದನ್ನು ಓದಲು 10 ಪಟ್ಟು ಸಾಲದು, 20 ಪಟ್ಟಾದರೂ ಬೇಕು. ಆ ‘ಎಸ್’ ಇರುವ ವಾಚನ್ನು ‘ಮೂಲ ಗಾಜು, ಒಮ್ಮೆಯೂ ಬಿಚ್ಚಿಲ್ಲ’ ಎಂದು ಮಾರುತ್ತಿದ್ದರೆ ಆ ಮಾತು ಸುಳ್ಳು.

ನಕಲಿಯವರು ಈ ಗುರುತು ಹಾಕಲು ಕಲಿತು ಬಹಳ ಕಾಲವಾಯಿತು. ಅಗ್ಗದ ನಕಲಿಯಲ್ಲಿ ಕಿರೀಟ ಬರಿಗಣ್ಣಿಗೇ ಕಾಣುತ್ತದೆ. ಕೊಳ್ಳುವವನಿಗೆ ತೋರಿಸಬೇಕಲ್ಲ, ಅದಕ್ಕೆ! ಬಿಳಿಯಾಗಿ, ಮಂಜು ಕವಿದಂತೆ, ಒಂದೇ ಎಳೆಯ ಗೆರೆಯಾಗಿ, ತುಸು ದೊಡ್ಡದಾಗಿ ಇರುತ್ತದೆ. ದುಬಾರಿ ನಕಲಿಗಳಲ್ಲಿ ಚುಕ್ಕೆ ಚುಕ್ಕೆಯಾಗಿಯೇ ಹಾಕುತ್ತಾರೆ, ಲೂಪಿಗೆ ಮೋಸ ಮಾಡುವಷ್ಟು ಚೆನ್ನಾಗಿ. ಆದ್ದರಿಂದ ತಪ್ಪಾದ ಕಿರೀಟ ಬಲವಾದ ಸಾಕ್ಷಿ, ಸರಿಯಾದ ಕಿರೀಟ ದುರ್ಬಲ ಸಾಕ್ಷಿ, ಕಾಣದ ಕಿರೀಟ ಬರೀ ಒಂದು ಪ್ರಶ್ನೆ.

ಸೈಕ್ಲೋಪ್ಸ್ ಇದಕ್ಕಿಂತ ಹೆಚ್ಚು ಮಾತಾಡುತ್ತದೆ. ರೋಲೆಕ್ಸ್‌ನದು ಎರಡೂವರೆ ಪಟ್ಟು ದೊಡ್ಡದು ಮಾಡುತ್ತದೆ. 28 ಎಂಬಂಥ ಎರಡಂಕಿಯ ದಿನಾಂಕ ಕಿಂಡಿಯ ಉದ್ದಗಲ ತುಂಬಿಕೊಂಡು ನಿಲ್ಲಬೇಕು. ಅಂಕಿಯ ಸುತ್ತ ಬಿಳಿ ಜಾಗ ಧಾರಾಳವಾಗಿ ಉಳಿದಿದ್ದರೆ ಮಸೂರ ಒಂದೂವರೆ ಪಟ್ಟಿನದಿರಬಹುದು. ಇಲ್ಲೂ ಒಂದು ತಿರುವು ಇದೆ. ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಮಸೂರಕ್ಕೂ ದಿನಾಂಕದ ತಟ್ಟೆಗೂ ಇರುವ ಅಂತರವನ್ನೂ ಅವಲಂಬಿಸಿದೆ. ಹೊರಗಿನ ಗಾಜಿನ ದಪ್ಪ ಬೇರೆಯಿದ್ದರೆ, ಗ್ಯಾಸ್ಕೆಟ್ ಪೂರ್ತಿ ಕೂತಿಲ್ಲದಿದ್ದರೆ ಅಸಲಿ ವಾಚಿನಲ್ಲೂ ಅಂಕಿ ಚಿಕ್ಕದಾಗಿ, ಇಲ್ಲವೇ ಒಂದು ಪಕ್ಕಕ್ಕೆ ವಾಲಿದಂತೆ ಕಾಣುತ್ತದೆ. ಅದು ಮತ್ತೆ ಬದಲಿ ಗಾಜಿನ ಕತೆಯೇ.

ನಿಮ್ಮ ವಾಚಿಗೆ ನಿಜವಾದ ಪರೀಕ್ಷೆ ಬೇರೆಡೆ ಇದೆ. ಚೈನ್ ಕಳಚಿಸಿ ನೋಡಿ. 6ರ ಕಡೆಯ ಎರಡು ಕಿವಿಗಳ ನಡುವೆ ಕೇಸಿನ ಮೇಲೆ ಸೀರಿಯಲ್, 12ರ ಕಡೆ 16234 ಎಂಬ ಸಂಖ್ಯೆ ಕೊರೆದಿರುತ್ತದೆ. ಅಕ್ಷರಗಳ ಅಂಚು ಚೂಪಾಗಿ, ಗೀರಿನ ಒಳಮೈ ಹೊಳೆಯುವಂತಿರಬೇಕು. ಮರಳು ಉದುರಿಸಿ ಕೊರೆದಂತೆ ಮಂಕಾಗಿದ್ದರೆ ಅನುಮಾನಿಸಿ. ಸೀರಿಯಲ್ ಡಯಲ್ ಸುತ್ತಲಿನ ಒಳಬಳೆಗೆ ಬಂದದ್ದು 2005ರ ಆಸುಪಾಸಿನಿಂದ, ಹಾಗಾಗಿ ನಿಮ್ಮದರಲ್ಲಿ ಅಲ್ಲಿ ಕಾಣದಿದ್ದರೆ ಗಾಬರಿ ಬೇಡ. ಆಮೇಲೆ ಹಿಂದಿನ ಮುಚ್ಚಳ ತೆಗೆಸಿ. ಒಳಗೆ 3135 ಕ್ಯಾಲಿಬರ್, ಅಂದರೆ ಆ ಸಂಖ್ಯೆಯ ಮೆಷಿನ್, ಇರಬೇಕು, ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ 8. ಮುಚ್ಚಳ ತೆಗೆಸಲು ಒಪ್ಪದ ಮಾರಾಟಗಾರರ ಜೊತೆ ಗಾಜಿನ ಬಗ್ಗೆ ಚರ್ಚೆ ಮಾಡುತ್ತಾ ಕೂರುವುದು ಸಮಯ ದಂಡ.

ಅಣ್ಣನ ಸ್ಪೀಡ್‌ಮಾಸ್ಟರ್

ಇಲ್ಲಿ ಮೊದಲು ಕೇಳಬೇಕಾದದ್ದು ಗಾಜು ಯಾವುದು ಎಂದು. ಸ್ಪೀಡ್‌ಮಾಸ್ಟರ್‌ಗಳಲ್ಲಿ ಮೂನ್‌ವಾಚ್ ಎನ್ನುವ ಮಾದರಿ ಎರಡು ಬಗೆಯಲ್ಲಿ ಬರುತ್ತದೆ. ಒಂದಕ್ಕೆ ಹೆಸಲೈಟ್, ಅಂದರೆ ಅಕ್ರಿಲಿಕ್, ನಮ್ಮ ಎಚ್‌ಎಂಟಿ ವಾಚುಗಳ ಪ್ಲಾಸ್ಟಿಕ್ ಗಾಜಿನ ಜಾತಿಯದೇ. ಇನ್ನೊಂದಕ್ಕೆ ಸಫೈರ್. 1965ರ ಮಾರ್ಚ್‌ನಲ್ಲಿ ನಾಸಾ ಒಪ್ಪಿದ ವಾಚಿನದು ಅಕ್ರಿಲಿಕ್. ಅದು ಬಿರುಕು ಬಿಟ್ಟೀತು, ಆದರೆ ಚೂರುಚೂರಾಗಿ ಸಿಡಿದು ನೌಕೆಯೊಳಗೆ ತೇಲುವುದಿಲ್ಲ.

ಒಮೆಗಾದ ಅಕ್ಷರಚಿಹ್ನೆ ಇರುವುದು ಹೆಸಲೈಟ್ ಗಾಜಿನಲ್ಲಿ, ನಟ್ಟನಡುವೆ, ಮುಳ್ಳುಗಳು ಸೇರುವ ಮೊಳೆಯ ನೇರ ಮೇಲೆ. ಮೊಳೆ ಹೊಳೆಯುವುದರಿಂದಲೇ ಗುರುತು ಅದರ ಬೆಳಕಿನಲ್ಲಿ ಕಳೆದುಹೋಗುತ್ತದೆ. ವಾಚನ್ನು 45 ಡಿಗ್ರಿ ಓರೆ ಮಾಡಿ, ಗುರುತಿನ ಹಿಂದೆ ಮೊಳೆಯ ಬದಲು ಕಪ್ಪು ಡಯಲ್ ಬರುವಂತೆ ಹಿಡಿದು, ಪಕ್ಕದಿಂದ ಟಾರ್ಚ್ ಬಿಟ್ಟರೆ ಕಾಣುತ್ತದೆ. ಗುರುತು ಗಾಜಿನ ಒಳಮೈಯಲ್ಲಿದೆ. ಹಾಗಾಗಿ ಹೊರಗಿನ ಗೀರು ತೆಗೆಯಲು ಎಷ್ಟೇ ಪಾಲಿಶ್ ಮಾಡಿದರೂ ಅದು ಅಳಿಯುವುದಿಲ್ಲ. ‘ಪಾಲಿಶ್ ಮಾಡಿ ಮಾಡಿ ಹೋಯಿತು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಗಾಜೇ ಬದಲಾಗಿದೆ. ಅಣ್ಣನದು 1863 ಕ್ಯಾಲಿಬರಿನ ಸಫೈರ್ ಮಾದರಿಯಾದರೆ ನಡುವೆ ಚಿಹ್ನೆ ಹುಡುಕುವುದು ಬೇಡ. ಬದಲಿಗೆ ಅಂಚಿನಲ್ಲಿ ಹಾಲಿನ ಬಣ್ಣದ ತೆಳು ಬಳೆ ಕಾಣುತ್ತದೆಯೇ ನೋಡಿ, ಉಬ್ಬಿದ ಸಫೈರ್‌ನ ಅಂಚಿನಲ್ಲಿ ಬೆಳಕು ಬಾಗಿ ಆಗುವುದು ಅದು. ಹೆಸಲೈಟ್‌ನಲ್ಲಿ ಆ ಬಳೆ ಇರುವುದಿಲ್ಲ.

ಎಚ್ಚರಿಕೆ ಒಂದಿದೆ. ಅಕ್ರಿಲಿಕ್ ಗಾಜಿಗೆ ಸ್ಪಿರಿಟ್, ಪೆಟ್ರೋಲ್, ಥಿನ್ನರ್ ಯಾವುದನ್ನೂ ಮುಟ್ಟಿಸಬಾರದು, ಸ್ಯಾನಿಟೈಸರ್ ಕೂಡ. ಬಿಗಿಯಾಗಿ ಕೂತ ಅಕ್ರಿಲಿಕ್ ಒಳಗೇ ಒತ್ತಡದಲ್ಲಿರುತ್ತದೆ. ಆಲ್ಕೋಹಾಲ್ ತಗುಲಿದರೆ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಅಂಚಿನಿಂದ ಹಬ್ಬುತ್ತವೆ, ಅವನ್ನು ಯಾವ ಪಾಲಿಶ್‌ನಿಂದಲೂ ತೆಗೆಯಲಾಗದು. ಸೂಪರ್ ಗ್ಲೂ ಹಾಕಿ ಗಾಜು ಅಂಟಿಸುವ ರಿಪೇರಿಯವರಿಂದಲೂ ದೂರವಿರಿ. ಅದರ ಆವಿ ಗಾಜಿನ ಒಳಮೈಗೂ ಡಯಲ್‌ಗೂ ಬಿಳಿ ಪುಡಿಯಾಗಿ ಕೂರುತ್ತದೆ.

ನೀಲಿ ಮಿಂಚು, ಕೂದಲೆಳೆಯ ಗೀರು

ಈಗ ನಿಮ್ಮ ಮೂರನೆಯ ವಾಚು. ಗೀರು ಬಿದ್ದಿರುವುದು ಬಹುತೇಕ ಸಫೈರ್ ಮೇಲಲ್ಲ, ಅದರ ಮೇಲಿನ ಲೇಪನದ ಮೇಲೆ.

ಲೇಪನ ಯಾಕೆ ಬೇಕು ಎಂಬುದಕ್ಕೆ ಲೆಕ್ಕ ಸರಳ. ಸಫೈರ್ ಅಂದರೆ ಹರಳುಗಟ್ಟಿದ ಅಲ್ಯೂಮಿನಿಯಂ ಆಕ್ಸೈಡ್. 1902ರಲ್ಲಿ ಫ್ರಾನ್ಸಿನ ಆಗಸ್ಟ್ ವೆರ್ನೂಯಿ ಪ್ರಕಟಿಸಿದ ವಿಧಾನದ ದಾರಿಯಲ್ಲೇ, ಆ ಪುಡಿಯನ್ನು 2,000 ಡಿಗ್ರಿಗೂ ಮೀರಿದ ಜ್ವಾಲೆಯಲ್ಲಿ ಕರಗಿಸಿ ಹನಿಹನಿಯಾಗಿ ಬೆಳೆಸಿ, ವಜ್ರದ ಗರಗಸದಿಂದ ಬಿಲ್ಲೆ ಕೊಯ್ಯುತ್ತಾರೆ. ಗಡಸುತನದಲ್ಲಿ ವಜ್ರ 10 ಆದರೆ ಇದು 9. ಆದರೆ ಇದು ಬೆಳಕನ್ನು ಬಾಗಿಸುವ ಪ್ರಮಾಣ ದೊಡ್ಡದು, ವಕ್ರೀಭವನ ಸೂಚ್ಯಂಕ ಸುಮಾರು 1.77. ಆದ್ದರಿಂದ ಪ್ರತಿ ಮುಖದಿಂದಲೂ ಬಿದ್ದ ಬೆಳಕಿನ ಶೇ 7.7ರಷ್ಟು ವಾಪಸ್ ಬರುತ್ತದೆ. ಎರಡು ಮುಖ ಸೇರಿ ಶೇ 14. ಸಾಮಾನ್ಯ ಮಿನರಲ್ ಗಾಜಿನಲ್ಲಿ ಇದು ಶೇ 8, ಅಕ್ರಿಲಿಕ್‌ನಲ್ಲಿ ಶೇ 7ರ ಚಿಲ್ಲರೆ. ಲೇಪನವಿಲ್ಲದ ಸಫೈರ್ ವಾಚಿಗಿಂತ ತಾತನ ಎಚ್‌ಎಂಟಿಯ ಸಮಯ ಬಿಸಿಲಲ್ಲಿ ಚೆನ್ನಾಗಿ ಓದಲು ಸಿಗುವುದು ಭ್ರಮೆಯಲ್ಲ.

ಈ ಹೊಳಪು ತಗ್ಗಿಸಲು ನಿರ್ವಾತದ ಪೆಟ್ಟಿಗೆಯಲ್ಲಿ ಗಾಜಿನ ಮೇಲೆ ಮೆಗ್ನೀಶಿಯಂ ಫ್ಲೋರೈಡ್‌ನಂಥ ವಸ್ತುವಿನ ಪದರ ಕೂರಿಸುತ್ತಾರೆ. ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ. ಪದರದ ಮೇಲಿನಿಂದ ಮರಳಿದ ಬೆಳಕಿನ ಅಲೆಯೂ ಕೆಳಗಿನಿಂದ ಮರಳಿದ ಅಲೆಯೂ ಒಂದನ್ನೊಂದು ಅಳಿಸಿಹಾಕುತ್ತವೆ. ಹಸಿರಿನ ಆಸುಪಾಸಿನಲ್ಲಿ ಈ ಅಳಿಸಾಟ ಪೂರ್ಣವಾಗುತ್ತದೆ, ವರ್ಣಪಟಲದ ಎರಡು ತುದಿಗಳಲ್ಲಿ, ನೀಲಿ-ನೇರಳೆ ಮತ್ತು ಕೆಂಪಿನಲ್ಲಿ, ಅಪೂರ್ಣ. ಹಾಗೆ ಉಳಿದದ್ದೇ ನಿಮಗೆ ಕಾಣುವ ನೀಲಿ ಮಿಂಚು. ಹಲವು ಪದರ ಹಾಕಿದಾಗ ಹಸಿರು ಛಾಯೆಯೂ ಬರಬಹುದು. ಛಾಯೆ ಯಾವುದು ಎಂಬುದರಿಂದ ಅಸಲಿ-ನಕಲಿ ತೀರ್ಮಾನಿಸಲಾಗದು.

ಕಂಪನಿಗಳು ಇದರಲ್ಲಿ ಎರಡು ಪಂಗಡ. ಬ್ರೈಟ್‌ಲಿಂಗ್ ಮತ್ತು ಒಮೆಗಾದ ಬಹಳಷ್ಟು ಮಾದರಿಗಳಲ್ಲಿ ಎರಡೂ ಮುಖಕ್ಕೆ ಲೇಪನ. ರೋಲೆಕ್ಸ್ ಗಾಜಿನ ಹೊರಮುಖವನ್ನು ಬರಿದಾಗಿಯೇ ಬಿಡುವ ಪೈಕಿ. 2000ರ ದಶಕದ ಮಧ್ಯದಿಂದ ದಿನಾಂಕದ ಭಾಗಕ್ಕೆ ಲೇಪನ ಕೊಟ್ಟಿತು, ಅಂಥ ವಾಚನ್ನು ಓರೆ ಮಾಡಿದರೆ ಸೈಕ್ಲೋಪ್ಸ್ ಮಾತ್ರ ಕಪ್ಪು ಬಾವಿಯಂತೆ ಕಾಣುತ್ತದೆ. ನಿಮ್ಮ 16234 ಆ ಸಂಧಿಕಾಲದ್ದು, ಇದ್ದರೂ ಇಲ್ಲದಿದ್ದರೂ ಅದರ ಮೇಲೆ ತೀರ್ಪು ಕೊಡಬೇಡಿ.

ಯಾವ ಮುಖಕ್ಕೆ ಲೇಪನ ಇದೆ ಎಂದು ಮನೆಯಲ್ಲೇ ತಿಳಿಯಬಹುದು. ಕತ್ತಲಲ್ಲಿ ಒಂದೇ ಎಲ್‌ಇಡಿ ಬಲ್ಬಿನ ಪ್ರತಿಬಿಂಬವನ್ನು ಗಾಜಿನಲ್ಲಿ ಓರೆಯಾಗಿ ನೋಡಿ. ಲೂಪಿನಲ್ಲಿ ಎರಡು ಬಿಂದು ಕಾಣುತ್ತವೆ, ಒಂದು ಮೇಲ್ಮುಖದ್ದು, ಒಂದು ಒಳಮುಖದ್ದು. ಬೆಳ್ಳಗೆ ಪ್ರಖರವಾಗಿರುವುದು ಲೇಪನವಿಲ್ಲದ ಮುಖ, ಮಂಕಾಗಿ ನೀಲಿಯಾಗಿರುವುದು ಲೇಪನದ ಮುಖ. ಯಾವುದು ಮೇಲಿನದು ಎಂದು ತಿಳಿಯಲು ಗಾಜಿನ ಮೇಲೆ ಮೆಲ್ಲಗೆ ಬಾಯಿಂದ ಹಬೆ ಬಿಡಿ: ಎರಡೂ ಬಿಂದು ಮಸುಕಾಗಬಹುದು, ಹಬೆ ಆರುತ್ತಿದ್ದಂತೆ ಮೊದಲು ಚೂಪಾಗಿ ಮರಳುವುದೇ ಮೇಲ್ಮುಖದ್ದು. ಎರಡೂ ನೀಲಿಯಾದರೆ ಎರಡೂ ಕಡೆ ಲೇಪನ, ನಿಮ್ಮ ಗೀರಿನ ಕತೆ ಅಲ್ಲೇ ಬಗೆಹರಿಯಿತು. ಮೆಗ್ನೀಶಿಯಂ ಫ್ಲೋರೈಡ್‌ನ ಗಡಸುತನ 6ರ ಆಸುಪಾಸು. ರಸ್ತೆಯ ದೂಳಿನಲ್ಲಿರುವ ಮರಳಿನದು 7. ಮರುಭೂಮಿಯ ದೂಳಿನಲ್ಲಿ ಓಡಾಡಿ ಬಂದು ವಾಚನ್ನು ತೋಳಿಗೆ ಉಜ್ಜಿಕೊಂಡರೆ ಸಫೈರ್‌ಗೆ ಏನೂ ಆಗದು, ಲೇಪನಕ್ಕೆ ಗೆರೆ ಬೀಳುತ್ತದೆ.

ಲೂಪಿನಲ್ಲಿ ವ್ಯತ್ಯಾಸ ಹೀಗೆ ಕಾಣುತ್ತದೆ. ಲೇಪನದ ಗೀರಿನಲ್ಲಿ ನೀಲಿ ಕಳೆದು ಬಿಳಿ ಎಳೆ ಉಳಿದಿರುತ್ತದೆ, ಉಗುರಿಗೆ ತಗುಲುವುದಿಲ್ಲ. ಸಫೈರ್‌ಗೇ ಬಿದ್ದ ಗೀರಿಗೆ ಉಗುರು ಸಿಕ್ಕಿಕೊಳ್ಳುತ್ತದೆ, ಅಂಚಿನಲ್ಲಿ ಸಣ್ಣ ಚಿಪ್ಪಿನಂಥ ಚಕ್ಕೆಗಳು ಎದ್ದಿರುತ್ತವೆ. ವಜ್ರದುಂಗುರ, ಎಮರಿ ಕಾಗದ, ಇನ್ನೊಂದು ಸಫೈರ್ ಗಾಜು, ಇವು ಹಾಗೆ ಮಾಡಬಲ್ಲವು. ಮೂರನೆಯ ಬಗೆಯೂ ಇದೆ: ಬೂದು ಬಣ್ಣದ ಗೆರೆ. ಅದು ಗೀರೇ ಅಲ್ಲ, ಗಾಜಿಗೆ ಉಜ್ಜಿದ ಲೋಹ ಪೆನ್ಸಿಲ್‌ನಂತೆ ಗುರುತು ಬಿಟ್ಟಿದೆ. ಬಿಳಿ ರಬ್ಬರಿನಿಂದ ಮೃದುವಾಗಿ ಉಜ್ಜಿದರೆ ಹೋಗುತ್ತದೆ.

ಇದು ಸಫೈರ್ ಹೌದೋ ಅಲ್ಲವೋ ಎಂದು ಖಚಿತವಾಗಬೇಕಿದ್ದರೆ ಆಭರಣದಂಗಡಿಯ ಡೈಮಂಡ್ ಟೆಸ್ಟರ್ ಸಾಕು. ಅದು ಶಾಖ ಎಷ್ಟು ಬೇಗ ಹರಿಯುತ್ತದೆಂದು ಅಳೆಯುತ್ತದೆ. ಸಾಮಾನ್ಯ ಗಾಜಿಗಿಂತ ಸಫೈರ್ ಹತ್ತಾರು ಪಟ್ಟು ವೇಗವಾಗಿ ಶಾಖ ಹರಿಸುತ್ತದೆ, ಸೂಜಿ ಕೆಳಗಿನ ಮಟ್ಟದಲ್ಲಾದರೂ ಏಳುತ್ತದೆ. ಗಾಜಿಗೆ ಏಳುವುದೇ ಇಲ್ಲ. ಲೇಪನವಿರುವ ಗಾಜಿನ ನಡುವೆ ಒತ್ತಿಸಬೇಡಿ, ಟೆಸ್ಟರ್ ಮೊನೆ ಗುರುತು ಬಿಟ್ಟೀತು. ಅಂಚಿನಲ್ಲಿ ಮೆಲ್ಲಗೆ ಮುಟ್ಟಿಸಿದರೆ ಸಾಕು. ನೀರಿನ ಹನಿ ಹಾಕಿ ನೋಡುವ ಪರೀಕ್ಷೆ ಲೇಪನದ ಗಾಜಿನ ಮೇಲೆ ಕೆಲಸಕ್ಕೆ ಬಾರದು. ಚಾಕುವಿನಿಂದ ಗೀರಿ ನೋಡುವುದಂತೂ ಬೇಡವೇ ಬೇಡ.

ಗೀರು ಬಿದ್ದ ಲೇಪನ ತೆಗೆಯುವುದು

ಮೂರು ದಾರಿ: ಹಾಗೇ ಬಿಡುವುದು, ಗಾಜು ಬದಲಿಸುವುದು, ಹೊರ ಲೇಪನವನ್ನು ಪೂರ್ತಿ ಉಜ್ಜಿ ತೆಗೆಯುವುದು. ಮತ್ತೆ ಲೇಪನ ಹಾಕಿಸುವ ಆಸೆ ಬಿಡಿ. ಈ ಪದರ ಗಟ್ಟಿಯಾಗಬೇಕಾದರೆ ಗಾಜನ್ನು ಬಿಚ್ಚಿ ಸುಮಾರು 300 ಡಿಗ್ರಿಗೆ ಕಾಯಿಸಬೇಕು. ಕನ್ನಡಕದ ಪ್ಲಾಸ್ಟಿಕ್ ಮಸೂರಕ್ಕೆ ಲೇಪನ ಹಾಕುವವರು ತಣ್ಣಗೆ ಹಾಕುತ್ತಾರೆ, ಅಂಥದ್ದು ಸಫೈರ್ ಮೇಲೆ ಬಾಳುವುದಿಲ್ಲ.

ಉಜ್ಜಿ ತೆಗೆದರೆ ಕಳೆದುಕೊಳ್ಳುವುದೇನು? ಎರಡೂ ಕಡೆ ಲೇಪನವಿದ್ದಾಗ ಶೇ 1ರ ಆಸುಪಾಸಿದ್ದ ಪ್ರತಿಫಲನ ಶೇ 8ಕ್ಕೆ ಏರುತ್ತದೆ, ಅಂದರೆ ಮಿನರಲ್ ಗಾಜಿನ ಮಟ್ಟ. ದಿನಬಳಕೆಗೆ ಧಾರಾಳ ಸಾಕು, ಮತ್ತೆ ಗೀರಿನ ಚಿಂತೆಯೂ ಇಲ್ಲ. ಹೊರ ಲೇಪನ ಹೋದ ವಾಚು ಹಾಕಿಕೊಳ್ಳಲು ಮೊದಲಿಗಿಂತ ಮೇಲು ಎಂದೇ ಹೇಳಬೇಕು. ಆದರೆ ವಾರಂಟಿ ಇರುವ ವಾಚಿಗೂ ಮುಂದೆ ಮಾರುವ ಯೋಚನೆ ಇರುವ ವಾಚಿಗೂ ಇದನ್ನು ಮಾಡಬೇಡಿ.

1 ಮೈಕ್ರಾನ್ ಅಥವಾ ಅದಕ್ಕಿಂತ ನುಣುಪಾದ ಡೈಮಂಡ್ ಪೇಸ್ಟ್ ತನ್ನಿ. ಬೆಝೆಲ್‌ಗೆ ಎರಡು ಸುತ್ತು ಟೇಪ್ ಅಂಟಿಸಿ, ಗಾಜು ಮತ್ತು ಬೆಝೆಲ್ ಸೇರುವ ಸಂದಿ ಪೂರ್ತಿ ಮುಚ್ಚಲಿ. ಸಾಸಿವೆಯಷ್ಟು ಪೇಸ್ಟನ್ನು ಫೆಲ್ಟ್, ಅಂದರೆ ಉಣ್ಣೆ ಒತ್ತಿ ಮಾಡಿದ ಬಟ್ಟೆಯ ತುಂಡಿಗೆ ಹಚ್ಚಿ ಸಣ್ಣ ವೃತ್ತಗಳಲ್ಲಿ ಉಜ್ಜಿ. ಕೈಯಿಂದಲೇ ಮಾಡಬಹುದು, ಸಮಯ ಹಿಡಿಯುತ್ತದೆ. ಸಣ್ಣ ರೋಟರಿ ಮೆಷಿನ್ ಬಳಸಿದರೆ ಅತಿ ಕಡಿಮೆ ವೇಗದಲ್ಲಿ, 20–30 ಸೆಕೆಂಡಿಗೊಮ್ಮೆ ನಿಲ್ಲಿಸಿ ಗಾಜಿಗೆ ಬೆರಳಿಟ್ಟು ನೋಡಿ. ಬೆಚ್ಚಗಾದರೆ ಆರಲು ಬಿಡಿ, ಬಿಸಿ ಗ್ಯಾಸ್ಕೆಟ್‌ಗೆ ಇಳಿದರೆ ನೀರು ತಡೆಯುವ ಶಕ್ತಿ ಹೋಗುತ್ತದೆ. ನಡುನಡುವೆ ಒರೆಸಿ ಎಲ್‌ಇಡಿ ಬಿಂದುವನ್ನು ಗಾಜಿನ ಮೇಲೆ ಓಡಿಸಿ ನೋಡಿ: ಬಿಳಿಯಾದಲ್ಲಿ ಲೇಪನ ಹೋಗಿದೆ, ನೀಲಿಯಿದ್ದಲ್ಲಿ ಉಳಿದಿದೆ.

ಕೆಲಸ ಕೆಡುವುದು ಹೆಚ್ಚಾಗಿ ಅಂಚಿನಲ್ಲಿ. ನಡುಭಾಗ ಚೆನ್ನಾಗಿ ಹೋಗಿ ಅಂಚಿನಲ್ಲಿ ನೀಲಿ ಬಳೆ ಉಳಿದರೆ ಗೀರಿಗಿಂತ ಅಸಹ್ಯವಾಗಿ ಕಾಣುತ್ತದೆ, ಶುರು ಮಾಡಿದ ಮೇಲೆ ಅಂಚಿನವರೆಗೂ ಮುಗಿಸಲೇಬೇಕು. ಉಬ್ಬಿದ ಗಾಜಿಗೆ ಮೆತ್ತನೆಯ ಫೆಲ್ಟ್ ಬೇಕು, ಗಟ್ಟಿ ಚಕ್ರ ನೆತ್ತಿಯನ್ನು ಮಾತ್ರ ಮುಟ್ಟುತ್ತದೆ. ಬೇಗ ಮುಗಿಯಲಿ ಎಂದು ದಪ್ಪ ಕಣದ ಪೇಸ್ಟ್ ಹಾಕಿದರೆ ವಜ್ರ ಸಫೈರ್‌ಗಿಂತ ಗಡಸು, ಗಾಜೇ ಮಂಜುಮಂಜಾಗುತ್ತದೆ. ಮರಳು ಕಾಗದ ಹತ್ತಿರ ತರಬೇಡಿ, ಅದರ ಸಿಲಿಕಾನ್ ಕಾರ್ಬೈಡ್ ಸಫೈರ್‌ಗೇ ಗೀರುತ್ತದೆ. ಬ್ರಾಸೊ, ಟೂತ್‌ಪೇಸ್ಟ್ ಸಫೈರ್‌ಗೆ ಏನೂ ಮಾಡವು, ಆದರೆ ಲೇಪನವನ್ನು ಅಲ್ಲಲ್ಲಿ ತೆಳ್ಳಗೆ ಮಾಡಿ ಹುಳುಕಡ್ಡಿಯಂತೆ ಕಲೆಗಳನ್ನು ಬಿಡುತ್ತವೆ. ಸೈಕ್ಲೋಪ್ಸ್ ಇರುವ ಗಾಜನ್ನು ಹೀಗೆ ಉಜ್ಜಲು ಹೋಗಲೇಬೇಡಿ, ಮಸೂರದ ಬುಡದ ಮೂಲೆಗೆ ಫೆಲ್ಟ್ ತಲುಪುವುದಿಲ್ಲ.

ಡೇಟ್‌ಜಸ್ಟ್ ವ್ಯವಹಾರ ಕುದುರಿ, ಗಾಜು ಹೊರಗಿನದೆಂದೇ ಗೊತ್ತಾದರೆ ಹಳೆ ಸರ್ವಿಸ್ ಬಿಲ್ ಕೇಳಿ ನೋಡಿ, ಗಾಜು ಬದಲಿಸಿದ ಸಾಲು ಅದರಲ್ಲಿದ್ದರೆ ದಿನಾಂಕವೂ ಸಿಗುತ್ತದೆ. ನೀವೇ ಅಧಿಕೃತ ಸರ್ವಿಸ್‌ಗೆ ಕೊಡುವಾಗ ‘ಗಾಜು ಹೊರಗಿನದು’ ಎಂದು ಮೊದಲೇ ಹೇಳಿ ರಸೀದಿಯಲ್ಲಿ ಬರೆಸಿ. ಕಂಪನಿಯದಲ್ಲದ ಭಾಗ ಕಂಡರೆ ಅದನ್ನು ಬದಲಿಸದೆ ಕೆಲಸಕ್ಕೆ ಕೈಹಾಕುವುದಿಲ್ಲ ಎನ್ನುವ ಸಾಧ್ಯತೆ ಹೆಚ್ಚು. ಹಾಗಾಗಿ ಹೊಸ ಗಾಜಿನ ಬೆಲೆಯನ್ನು ಸರ್ವಿಸ್ ಖರ್ಚಿಗೆ ಸೇರಿಸಿಯೇ ಮಾರುವವರ ಜೊತೆ ಚೌಕಾಸಿಗೆ ಕೂತುಕೊಳ್ಳಿ.